ಸಂಪಾದಕರ ಉತ್ತರ: ಮಳೆಯ ಪ್ರಬಂಧ, ಮಳೆಯ ಪುಸ್ತಕ

ಮಾನ್ಯ ಸಹೋದರಿಯವರಿಗೆ ನಮಸ್ಕಾರಗಳು.

ಮಾದಾಪುರದ ಕಡೆಯಿಂದ ನೀವು ಬರೆದ ಪತ್ರ ತಲುಪಿ ಹದಿನೈದು ದಿನಗಳಾದವು. ‘ಕೊಡಗಿನ ಮಳೆಗಾಲ’ ಎಂಬ ನಿಮ್ಮ ಪ್ರಬಂಧವನ್ನು ಒಂದು ಸಾಲಿನ ವಿಷಾದದ ಚೀಟಿಯೊಡನೆ ಹಿಂದಿರುಗಿಸಿದ್ದಕ್ಕೆ ನಿಮಗೆ ಬೇಸರವಾಗಿದೆ. ಆ ಬೇಸರ ನ್ಯಾಯವಾದದ್ದೇ. ಕಾರಣ ಹೇಳದೆ ಹಿಂದಿರುಗಿಸುವುದು ನಮ್ಮ ಹಳೆಯ ದುರಭ್ಯಾಸ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಕ್ರಮವನ್ನು ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಕಲಿಸುತ್ತಿರುವ ನೀವು ಅದೇ ಕ್ರಮದಲ್ಲಿ, ಒಂದು ಕಾಗುಣಿತದ ತಪ್ಪೂ ಇಲ್ಲದೆ ಬರೆದದ್ದು ಏಕೆ ಪ್ರಕಟವಾಗಲಿಲ್ಲ, ಒಳ್ಳೆಯ ಪ್ರಬಂಧವೆಂದರೆ ಮತ್ತೇನು ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ಬೇರೆ ಓದುಗರೂ ಕೇಳಿರುವುದರಿಂದ ಉತ್ತರವನ್ನು ಇಲ್ಲಿಯೇ, ನಿಮ್ಮ ಹೆಸರು ಹೇಳದೆ ಬರೆಯುತ್ತಿದ್ದೇನೆ.

ನೀವು ಕಲಿಸುವ ಕ್ರಮದಲ್ಲಿ ದೋಷವಿಲ್ಲ. ಉತ್ತರಪತ್ರಿಕೆಗಳ ರಾಶಿಯ ಮುಂದೆ ಕುಳಿತ ಮೌಲ್ಯಮಾಪಕರಿಗೆ ಯಾವುದು ಎಲ್ಲಿದೆಯೆಂದು ಥಟ್ಟನೆ ಕಾಣಬೇಕು. ಅವರಿಗೆ ಆ ಮೂರು ಶೀರ್ಷಿಕೆಗಳು ಅನುಕೂಲ. ಆದರೆ ಮೌಲ್ಯಮಾಪಕರು ಓದಲೇಬೇಕಾದವರು, ಪತ್ರಿಕೆಯ ಓದುಗರು ಹಾಗಲ್ಲ. ಎರಡನೆಯ ವಾಕ್ಯಕ್ಕೇ ಪುಟ ತಿರುವಿಹಾಕುವ ಸ್ವಾತಂತ್ರ್ಯ ಇವರಿಗಿದೆ.

ಗೊಂದಲಕ್ಕೆ ನಮ್ಮ ಪದವೂ ಸ್ವಲ್ಪ ಕಾರಣ. ಶಾಲೆಯ ಅಭ್ಯಾಸಕ್ಕೂ ‘ಪ್ರಬಂಧ’ ಎನ್ನುತ್ತೇವೆ, ಪಿಎಚ್.ಡಿ. ಪದವಿಗೆ ಬರೆಯುವುದು ‘ಮಹಾಪ್ರಬಂಧ’, ಮನಸ್ಸು ಬಿಚ್ಚಿ ಹರಟುವ ಬರಹ ‘ಲಲಿತ ಪ್ರಬಂಧ’. ಪದದೊಳಗೆ ಇರುವುದು ‘ಬಂಧ’, ಅಂದರೆ ಕಟ್ಟುವುದು. ಫ್ರಾನ್ಸಿನ ಲೇಖಕ ಮಾಂಟೇನ್ 1580ರಲ್ಲಿ ತನ್ನ ಇಂಥ ಬರಹಗಳನ್ನು ಪ್ರಕಟಿಸಿದಾಗ ಅವುಗಳಿಗೆ ಇಟ್ಟ ‘ಎಸ್ಸೆ’ ಎಂಬ ಹೆಸರಿನ ಅರ್ಥ ಬೇರೆ: ‘ಪ್ರಯತ್ನಗಳು’, ‘ಪರೀಕ್ಷಿಸಿ ನೋಡಿದ್ದು’. ‘ನನಗೆ ಗೊತ್ತಿರುವುದಾದರೂ ಏನು?’ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದ ಆತ, 1588ರ ಮುದ್ರಣದ ಪ್ರತಿಯೊಂದರ ಅಂಚುಗಳಲ್ಲಿ 1592ರಲ್ಲಿ ಸಾಯುವವರೆಗೂ ಹೊಸ ಮಾತುಗಳನ್ನು ಸೇರಿಸುತ್ತಲೇ ಇದ್ದ. ನಾವು ಶಾಲೆಯಲ್ಲಿ ಕಟ್ಟುವುದನ್ನು ಕಲಿಸುತ್ತೇವೆ. ಹುಡುಕುವುದನ್ನು ಕಲಿಸಲು ಪಾಠದ ಅವಧಿಯಲ್ಲಿ ಸಮಯ ಸಿಗುವುದಿಲ್ಲ.

ಇನ್ನು ನಿಮ್ಮ ಪ್ರಬಂಧ. ಅದು ‘ಭಾರತದ ಸ್ಕಾಟ್ಲೆಂಡ್, ಕರ್ನಾಟಕದ ಕಾಶ್ಮೀರ’ ಎಂದು ಆರಂಭವಾಗುತ್ತದೆ. ನಮ್ಮ ಕಚೇರಿಗೆ ಬರುವ ಕೊಡಗಿನ ಬರಹಗಳಲ್ಲಿ ಮುಕ್ಕಾಲುಪಾಲು ಈ ಬಾಗಿಲಿನಿಂದಲೇ ಒಳಬರುತ್ತವೆ. ನೀವು ಸ್ಕಾಟ್ಲೆಂಡನ್ನು ನೋಡಿಲ್ಲ, ನಾನೂ ನೋಡಿಲ್ಲ. ನೋಡದ ಊರಿನ ಹೋಲಿಕೆಯಿಂದ ಹುಟ್ಟೂರನ್ನು ಪರಿಚಯಿಸುವುದು ವಿಚಿತ್ರವೇ ಸರಿ. ಮುಂದೆ ಮಳೆ ಧಾರಾಕಾರವಾಗಿ ಸುರಿಯುತ್ತದೆ, ಭೂತಾಯಿ ಹಸಿರು ಸೀರೆ ಉಡುತ್ತಾಳೆ, ತೊರೆಗಳು ಜುಳುಜುಳು ಹರಿಯುತ್ತವೆ. ಇಲ್ಲಿ ‘ಕೊಡಗು’ ಎಂಬುದನ್ನು ಹೊಡೆದುಹಾಕಿ ‘ಆಗುಂಬೆ’ ಎಂದು ಬರೆದರೆ ಬೇರೆ ಒಂದಕ್ಷರವನ್ನೂ ತಿದ್ದಬೇಕಾಗುವುದಿಲ್ಲ. ನಮ್ಮ ಜಿಲ್ಲೆಯೊಳಗೇ ಮಳೆ ಒಂದೇ ತೆರನಾಗಿಲ್ಲವೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಭಾಗಮಂಡಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ದಿನಗಳಲ್ಲಿ ಕುಶಾಲನಗರದವರು ಬಟ್ಟೆ ಒಣಗಿಸಿಕೊಳ್ಳುತ್ತಾರೆ. ನಿಮ್ಮ ಪ್ರಬಂಧದಲ್ಲಿ ಮಾತ್ರ ಇಡೀ ಕೊಡಗು ಒಂದೇ ಕೊಡೆಯ ಕೆಳಗೆ ನಿಂತಿದೆ.

ಆದರೆ ನಿಮ್ಮ ಪತ್ರದ ಮೂರನೆಯ ಪುಟವನ್ನು ನಾನು ಎರಡು ಸಲ ಓದಿದೆ. ‘ಮಳೆಯ ವಿಷಯ ನನಗೆ ಗೊತ್ತಿಲ್ಲವೆಂದು ತಿಳಿಯಬೇಡಿ’ ಎಂದು ಸ್ವಲ್ಪ ಸಿಟ್ಟಿನಲ್ಲಿಯೇ ಬರೆದು, ನಿಮ್ಮ ತಂದೆಯವರ ಸಂಗತಿಯನ್ನು ಹೇಳಿದ್ದೀರಿ. ಅವರು ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು, (ಹೊರಜಿಲ್ಲೆಯ ಓದುಗರು ಗಮನಿಸಬೇಕು, ನಮ್ಮಲ್ಲಿ ರೈಟರ್ ಎಂದರೆ ಸಾಹಿತಿಯಲ್ಲ, ತೋಟದ ಹಾಜರಿ ಮತ್ತು ಲೆಕ್ಕ ಬರೆಯುವವರು.) ದಿನವೂ ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು, ಇಂಚು ಮತ್ತು ಸೆಂಟುಗಳಲ್ಲಿ (ನೂರು ಸೆಂಟಿಗೆ ಒಂದಿಂಚು) ಪುಸ್ತಕಕ್ಕೆ ಏರಿಸುವುದು ಅವರ ಕೆಲಸಗಳಲ್ಲೊಂದು. ನಿವೃತ್ತರಾದ ಮೇಲೆ ಯಾರೂ ಕೇಳದಿದ್ದರೂ ತಮ್ಮದೇ ಹಣದಿಂದ ಒಂದು ಮಾಪಕ ತಂದು ಅಂಗಳದಲ್ಲಿ ನಿಲ್ಲಿಸಿ, ಹೊಸ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದರು. 2018ರ ಆಗಸ್ಟ್ ತಿಂಗಳ ನಡುವೆ, ಗುಡ್ಡಗಳು ಜರಿದು ಎಷ್ಟೋ ಕುಟುಂಬಗಳು ಮನೆ ಬಿಟ್ಟು ಪರಿಹಾರ ಕೇಂದ್ರ ಸೇರಿದ ಆ ದಿನಗಳಲ್ಲಿ, ಒಂದು ಬೆಳಿಗ್ಗೆ ಅಂಕಿಯ ಜಾಗದಲ್ಲಿ ‘ತುಂಬಿ ಹೊರಚೆಲ್ಲಿದೆ, ಅಳತೆ ಸಿಕ್ಕಿಲ್ಲ’ ಎಂದು ಬರೆದಿದ್ದಾರೆ.

ಪ್ರಬಂಧ ಇಲ್ಲಿದೆ. ಇದನ್ನು ಬಿಟ್ಟು ಸ್ಕಾಟ್ಲೆಂಡಿಗೆ ಏಕೆ ಹೋದಿರಿ?

ಇದು ಸ್ವಂತ ಅನುಭವವೆಂಬ ಕಾರಣಕ್ಕೆ ಮಾತ್ರ ನಾನು ಮೆಚ್ಚುತ್ತಿಲ್ಲ. ಸ್ವಂತ ಅನುಭವವನ್ನು ಬರೆದೂ ಬೇಸರ ತರಿಸುವವರು ಬಹಳ ಮಂದಿ ಇದ್ದಾರೆ. ನಿಮ್ಮ ಮೂರನೆಯ ಪುಟದಲ್ಲಿ ನಿಮಗೇ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯಿದೆ: ಸಂಬಳವಿಲ್ಲದೆ, ಓದುವವರಿಲ್ಲದೆ ಆ ಮನುಷ್ಯ ಮಳೆಯನ್ನು ಏಕೆ ಅಳೆಯುತ್ತಿದ್ದಾರೆ? ನೀವು ಬರೆಯಲು ಕುಳಿತರೆ ಆ ಪ್ರಶ್ನೆಯ ಹಿಂದೆ ಹೋಗಲೇಬೇಕಾಗುತ್ತದೆ. ಆಗ ಪುಸ್ತಕವನ್ನು ತೆರೆದು, ಬರಿಯ ಅಂಕಿಗಳ ತೂಕ ತಿಂಗಳಿಂದ ತಿಂಗಳಿಗೆ ಹೇಗೆ ಬದಲಾಗುತ್ತದೆಂದು ನೋಡುತ್ತೀರಿ. ಜುಲೈಯಲ್ಲಿ ಹತ್ತು ಸೆಂಟು ಮಳೆ ಬಂದರೆ ಅದನ್ನು ಯಾರೂ ಮಳೆಯೆಂದು ಕರೆಯುವುದಿಲ್ಲ. ಅದೇ ಹತ್ತು ಸೆಂಟು ಮಾರ್ಚಿನಲ್ಲಿ ಬಿದ್ದು ನಿಂತುಹೋದರೆ ರೊಬಸ್ಟಾ ಕಾಫಿಯ ಮೊಗ್ಗು ಅರೆಬರೆಯಾಗಿ ಅರಳಿ ಕೆಡುತ್ತದೆ. ಸ್ಪ್ರಿಂಕ್ಲರ್ ಹಾಕಲು ಕೆರೆಯಲ್ಲಿ ನೀರಿಲ್ಲದವರಿಗೆ ಆ ರಾತ್ರಿ ನಿದ್ದೆಯಿಲ್ಲ. ಒಂದಿಂಚಿನಷ್ಟು ಹೂಮಳೆ, ಅಂದರೆ ಕಾಫಿಯ ಹೂ ಅರಳಿಸುವ ಮಳೆ, ಬಿದ್ದರೆ ವಾರ ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ, ಆಮೇಲೆ ಬ್ಯಾಕಿಂಗ್ ಮಳೆಗಾಗಿ, ಅಂದರೆ ಕಾಯಿ ಕಟ್ಟಲು ಬೇಕಾದ ಎರಡನೆಯ ಮಳೆಗಾಗಿ, ಕಾಯುವುದು ಶುರುವಾಗುತ್ತದೆ. ಇವೆಲ್ಲವನ್ನೂ ನೀವು ಬಾಲ್ಯದಿಂದ ಕೇಳಿಕೊಂಡು ಬೆಳೆದಿದ್ದೀರಿ. ‘ಧಾರಾಕಾರ’ ಎಂಬ ಪದಕ್ಕೆ ಇದರಲ್ಲಿ ಒಂದನ್ನೂ ಹೇಳುವ ಶಕ್ತಿಯಿಲ್ಲ.

ಎಲ್ಲಿಂದ ಆರಂಭಿಸಬೇಕೆಂದು ನೀವು ಮತ್ತೆ ಕೇಳಬಹುದು. ನಾನಾದರೆ ಪೀಠಿಕೆಯನ್ನು ಬರೆಯುವುದೇ ಇಲ್ಲ. ತಂದೆಯವರು ಕೊಡೆ ಹಿಡಿದು ಅಂಗಳಕ್ಕೆ ಇಳಿಯುವಲ್ಲಿಂದ ಹೊರಡುತ್ತೇನೆ. ‘ತುಂಬಿ ಹೊರಚೆಲ್ಲಿದೆ’ ಎಂಬ ಸಾಲನ್ನು ಮೊದಲೇ ಖರ್ಚು ಮಾಡಬೇಡಿ. ಅಂಕಿಗಳ ಅಭ್ಯಾಸ ಓದುಗರಿಗೂ ಆದ ನಂತರವೇ ಅಂಕಿಯಿಲ್ಲದ ಆ ದಿನದ ಅರ್ಥ ಅವರಿಗೆ ತಟ್ಟುತ್ತದೆ. ಆ ದಿನದ ಬಗ್ಗೆ ಬರೆಯುವಾಗ ‘ಭೀಕರ’, ‘ರುದ್ರನರ್ತನ’ ಮುಂತಾದ ವಿಶೇಷಣಗಳನ್ನು ಹತ್ತಿರ ಸೇರಿಸಬೇಡಿ, ತಂದೆಯವರು ಸೇರಿಸಿಲ್ಲ.

ಮನೆಯ ಮಾತಿನಲ್ಲಿ ಬರುವ ಪದಗಳನ್ನು ಬರಹದ ಕನ್ನಡಕ್ಕೆ ತರಬಹುದೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಧಾರಾಳವಾಗಿ ತನ್ನಿ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಗಳ ನಡುವೆ ಕನ್ನಡ ಬರೆಯುವ ನಮಗೆ ಅದು ದೊಡ್ಡ ಆಸ್ತಿ. ‘ಕಕ್ಕಡ’ ಎಂದೇ ಬರೆದು, ಆ ತಿಂಗಳ ಹದಿನೆಂಟರಂದು ಮದ್ದು ಸೊಪ್ಪಿನ ಪಾಯಸ ಮಾಡಿದ್ದನ್ನು ಹೇಳಿದರೆ ಸಾಕು, ಧಾರವಾಡದ ಓದುಗರಿಗೂ ಅದು ಆಷಾಢದ ಆಸುಪಾಸಿನ ಮಳೆತಿಂಗಳೆಂದು ತಿಳಿಯುತ್ತದೆ.

‘ಆದ್ದರಿಂದ ನಾವೆಲ್ಲರೂ ಪ್ರಕೃತಿಯನ್ನು ಉಳಿಸೋಣ’ ಎಂಬ ನಿಮ್ಮ ಉಪಸಂಹಾರವನ್ನು ಕೈಬಿಡಿ. ಅದಕ್ಕೆ ವಿರೋಧವಾಗಿ ಯಾರೂ ವಾದಿಸುತ್ತಿಲ್ಲ. ಬರೆದು ಮುಗಿಸಿದ ಮೇಲೆ ಒಂದು ವಾರ ಮುಚ್ಚಿಟ್ಟು, ಆಮೇಲೆ ಗಟ್ಟಿಯಾಗಿ ಓದಿ. ನಾಲಿಗೆ ಎಡವಿದ ಕಡೆಯಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ.

ಹುತ್ತರಿ ಹಬ್ಬದ ಹೊತ್ತಿಗೆ ಹೊಸ ಪ್ರತಿ ತಲುಪಿದರೆ ಜನವರಿ ಸಂಚಿಕೆಯಲ್ಲಿ ನಾಲ್ಕು ಪುಟ ಕಾಯ್ದಿರಿಸುತ್ತೇನೆ. ತಂದೆಯವರು ಒಪ್ಪಿದರೆ ಆ ಆಗಸ್ಟ್ ಪುಟದ ಒಂದು ಫೋಟೊ ಕಳುಹಿಸಿ, ಒಪ್ಪದಿದ್ದರೆ ಬೇಡ. ಅವರು ಈಗಲೂ ಅಳೆಯುತ್ತಿದ್ದಾರೆಯೇ ಎಂಬುದನ್ನು ನೀವು ಪತ್ರದಲ್ಲಿ ಬರೆದಿಲ್ಲ.

ಇತಿ,
ಸಂಪಾದಕ