ಎಲ್ಲಿಟ್ಟೆ? ಹಾಕಿದೆನೋ ಇಲ್ಲವೋ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಟಪಾಲಿನಲ್ಲಿ ಮರೆವಿನದೇ ಸುಗ್ಗಿ. ಅರ್ಧ ಜನ ತಮ್ಮ ಮರೆವಿನ ಬಗ್ಗೆ ಕೇಳಿದ್ದರೆ ಉಳಿದರ್ಧ ಮನೆಯವರ ಮರೆವಿನ ಬಗ್ಗೆ ದೂರಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ. ಒಬ್ಬರು ಹೆಸರು, ಊರು ಎರಡನ್ನೂ ಬರೆಯಲು ಮರೆತಿದ್ದಾರೆ. ಅವರ ಪ್ರಶ್ನೆ ಕೊನೆಯಲ್ಲಿದೆ.

ಕನ್ನಡಕ, ಬೈಕಿನ ಕೀಲಿ, ಕವಳದ ಸಂಚಿ – ಈ ಮೂರನ್ನು ಹುಡುಕುವುದರಲ್ಲೇ ಬೆಳಗು ಮುಗಿಯುತ್ತದೆ. ವಯಸ್ಸು 58. ಅರಳುಮರಳು ಶುರುವಾಯಿತೇ?
– ಅಡಿಕೆ ಬೆಳೆಗಾರರು, ಶಿರಸಿ ತಾಲೂಕು

ಇಲ್ಲ. ಕೀಲಿ ಇಡುವಾಗ ನಿಮ್ಮ ಲಕ್ಷ್ಯ ಆಳುಗಳ ಮೇಲೋ ಫೋನಿನ ಮೇಲೋ ಇತ್ತು. ಹಾಗಾಗಿ ಆ ಸಂಗತಿ ನೆನಪಿನೊಳಗೆ ಹೋಗಿಯೇ ಇಲ್ಲ. ಒಳಗೆ ಹೋಗದ್ದನ್ನು ಹೊರಗೆ ತೆಗೆಯುವುದು ಹೇಗೆ? ಎಷ್ಟು ತಲೆ ಕೆರೆದುಕೊಂಡರೂ ಸಿಗದಿರುವುದು ಅದಕ್ಕೇ. ಜ್ಞಾಪಕಶಕ್ತಿಯನ್ನು ಬೈದು ಪ್ರಯೋಜನವಿಲ್ಲ, ವಸ್ತುವಿಗೆ ಒಂದು ಜಾಗ ಗೊತ್ತುಮಾಡಬೇಕು.

ಹೆಚ್ಚಿನವರು ಎಡವುವುದು ಆ ಜಾಗವನ್ನು ಆರಿಸುವಾಗಲೇ. ಚಂದ ಕಾಣಲಿ ಎಂದು ಶೋಕೇಸಿನೊಳಗೆ ಡಬ್ಬಿ ಇಡುತ್ತಾರೆ. ಅಲ್ಲಿಗೆ ನಾಲ್ಕು ಹೆಜ್ಜೆ ಹೆಚ್ಚು, ಗಾಜಿನ ಬಾಗಿಲು ಬೇರೆ ಸರಿಸಬೇಕು. ಮೂರನೇ ದಿನಕ್ಕೆ ಕೀಲಿ ಮತ್ತೆ ಟಿವಿ ಮೇಲೆ. ಅದರ ಬದಲು ಒಂದು ವಾರ, ಕಳೆದ ವಸ್ತು ಕೊನೆಗೆ ಎಲ್ಲಿ ಸಿಕ್ಕಿತು ಎಂದು ಬರೆದಿಡಿ. ಹೆಚ್ಚು ಸಲ ಸಿಕ್ಕ ಜಾಗದಲ್ಲೇ, ಎದೆಮಟ್ಟಕ್ಕೆ, ಎರಡಿಂಚಿನ ಮೊಳೆ ಹೊಡೆಯಿರಿ. ಜಗಲಿಯ ಕಂಬವಾದರೆ ಜಗಲಿಯ ಕಂಬ. ಕೈ ತಾನಾಗಿ ಹೋಗುವ ಜಾಗ ಅದು. ಕೀಲಿಗೆ ದಪ್ಪ ಕೆಂಪು ದಾರ ಕಟ್ಟಿ. ಮುಚ್ಚಳದ ಪೆಟ್ಟಿಗೆ, ಡ್ರಾವರ್ ಬೇಡ. ಕಣ್ಣಿಗೆ ಬೀಳದ್ದು ಇಲ್ಲದಂತೆಯೇ. ಕನ್ನಡಕಕ್ಕೆ ಕುತ್ತಿಗೆಯ ದಾರ ಒಳ್ಳೆಯದು. ತೋಟದಲ್ಲಿ ಬಗ್ಗಿದಾಗ ಅಂಗಿಯ ಕಿಸೆಯಿಂದ ಜಾರಿ ಸೊಪ್ಪಿನೊಳಗೆ ಸೇರುವ ಕನ್ನಡಕಗಳಿಗೂ ಅದೇ ಮದ್ದು.

"ಜೋಪಾನವಾಗಿ" ಇಟ್ಟ ಪಹಣಿ, ಪಾಸ್‌ಬುಕ್ಕು ಬೇಗ ಕಳೆಯುತ್ತವೆ ಎಂದೂ ಕೇಳಿದ್ದೀರಿ. ಒಂದೇ ಸಲ ಬಳಸಿದ ಜಾಗಕ್ಕೆ ರೂಢಿಯ ಬಲವಿಲ್ಲ. ಇಟ್ಟ ಕೂಡಲೇ ಗೋಡೆಯ ಕ್ಯಾಲೆಂಡರಿನ ಹಿಂಬದಿಗೆ ಬರೆಯಿರಿ: "ಪಹಣಿ – ನಾಗಂದಿಗೆ, ನೀಲಿ ಚೀಲ". ಬಂಗಾರದ ವಿಷಯ ಮಾತ್ರ ಬೇರೆ. ಅದನ್ನು ಬರೆಯಬೇಡಿ, ಮನೆಯ ಇನ್ನೊಬ್ಬರಿಗೆ ಹೇಳಿಡಿ.

ಮಳೆಗಾಲದಲ್ಲಿ ಕೊಡೆ ಮರೆತು ಬರುವುದಕ್ಕೆ ಲೆಕ್ಕವಿಲ್ಲ. ಮೊನ್ನೆ ಬಸ್ಸಿನಲ್ಲಿ ಚೀಲವೂ ಹೋಯಿತು.
– ಕಾಲೇಜು ವಿದ್ಯಾರ್ಥಿನಿ, ಅಂಕೋಲಾ

ಒದ್ದೆ ಕೊಡೆಯನ್ನು ಮೂಲೆಗೆ ಒರಗಿಸುತ್ತೀರಿ, ಹೊರಡುವ ಹೊತ್ತಿಗೆ ಮಳೆ ಹೊಳವಾಗಿರುತ್ತದೆ. ಕೊಡೆಯನ್ನು ನೆನಪಿಸುವುದು ಮಳೆ. ಅದೇ ನಿಂತರೆ ನೆನಪಿಸುವವರು ಯಾರು? ಮಡಚುವ ಕೊಡೆಯಾದರೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿ ಚೀಲದೊಳಗೇ ಇಡಿ. ಉದ್ದ ಕೊಡೆಯಾದರೆ ಅದರ ಹಿಡಿಗೆ ಚೀಲದ ಪಟ್ಟಿ ಸಿಕ್ಕಿಸಿ. ಒಂದನ್ನು ಎತ್ತಿದರೆ ಇನ್ನೊಂದು ಬರಲೇಬೇಕು.

ಬಸ್ಸಿನಲ್ಲಿ ಮೇಲಿನ ಕ್ಯಾರಿಯರಿಗೆ ಚೀಲ ಹಾಕಿದರೆ ಒಂದು ಚಪ್ಪಲಿ ಬಿಚ್ಚಿ ಕೂರಿ. ಇಳಿಯುವಾಗ ಕಾಲು ತಡವರಿಸುತ್ತದೆ, ಆಗ ಚೀಲದ ನೆನಪಾಗುತ್ತದೆ. ನಗಬೇಡಿ, ಇದು ಕೆಲಸ ಮಾಡುತ್ತದೆ. ಟಿಕೆಟ್ಟನ್ನು ಮನೆ ಮುಟ್ಟುವವರೆಗೂ ಎಸೆಯಬೇಡಿ, ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟನ್ನೂ ಅಷ್ಟೇ. ಅದರ ಮೇಲಿನ ವಿವರ, ಸಮಯ ನೋಡಿ ಯಾವ ಬಸ್ಸು, ಯಾವ ಕಂಡಕ್ಟರ್ ಎಂದು ಪತ್ತೆಮಾಡುವುದು ನಿಲ್ದಾಣದ ಸಂಚಾರ ನಿಯಂತ್ರಕರಿಗೆ ಸುಲಭ. ಬಸ್ಸು ಕೊನೆಯ ನಿಲ್ದಾಣ ಮುಟ್ಟುವ ಮೊದಲೇ ಹೇಳಿದರೆ ಸಿಗುವ ಸಂಭವ ಹೆಚ್ಚು. ರೈಲಿನಲ್ಲಿ ಬಿಟ್ಟಿದ್ದರೆ 139ಕ್ಕೆ ಫೋನು ಮಾಡಿ, ಬೋಗಿಯ ಸಂಖ್ಯೆ ಹೇಳಿ.

ಪಂಪು ಚಾಲೂ ಮಾಡಿ ಮರೆಯುತ್ತೇವೆ. ಟ್ಯಾಂಕ್ ತುಂಬಿ ಅಂಗಳವೆಲ್ಲ ನೀರು. ಏಪ್ರಿಲ್‌ನಲ್ಲಿ ಬಾವಿ ಬತ್ತಿ ಪಂಪೇ ಸುಟ್ಟಿತು. ಟೈಮರ್ ಹಾಕಿಸಿದ್ದೆವು, ಅದೂ ಕೈಕೊಟ್ಟಿತು.
– ಕುಮಟಾ ಹಾಗೂ ಹೊನ್ನಾವರದಿಂದ ನಾಲ್ವರು

ಮೊದಲು ಟೈಮರ್ ಯಾಕೆ ಕೈಕೊಟ್ಟಿತು ನೋಡೋಣ. ಪ್ಲಗ್ಗಿಗೆ ಸಿಕ್ಕಿಸುವ, ಮುಳ್ಳು ತಿರುಗುವ 24 ಗಂಟೆಯ ಟೈಮರ್ ಕರೆಂಟಿನಿಂದಲೇ ಓಡುತ್ತದೆ. ಎರಡು ತಾಸು ಕರೆಂಟ್ ಹೋದರೆ ಅದೂ ಎರಡು ತಾಸು ಹಿಂದೆ ಬೀಳುತ್ತದೆ. ಆಷಾಢದಲ್ಲಿ ನಮ್ಮ ಕಡೆ ಒಂದು ವಾರಕ್ಕೆ ಅದು ಬೆಳಿಗ್ಗೆ ಆರರ ಬದಲು ನಡುರಾತ್ರಿ ಪಂಪು ಎಬ್ಬಿಸಿದರೂ ಆಶ್ಚರ್ಯವಿಲ್ಲ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರಿಗೆ ಈ ತೊಂದರೆ ಇಲ್ಲ. ಮರೆವಿಗೆ ಇನ್ನೂ ತಕ್ಕದ್ದು, ಇಂತಿಷ್ಟು ನಿಮಿಷ ಓಡಿಸಿ ತಾನೇ ಬಂದ್ ಮಾಡುವ ಟೈಮರ್. ನಿಮಿಷ ಎಷ್ಟು? ಟ್ಯಾಂಕಿಗೆ ಬೀಳುವ ನೀರನ್ನು 20 ಲೀಟರ್ ಬಕೆಟ್ಟಿಗೆ ಹಿಡಿಯಿರಿ. 30 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 40 ಲೀಟರ್; 1000 ಲೀಟರ್ ಟ್ಯಾಂಕಿಗೆ 25 ನಿಮಿಷ. ಬೇಸಿಗೆಯಲ್ಲಿ ಬಾವಿಯ ನೀರು ಕೆಳಗಿಳಿದಂತೆ ಹರಿವು ಕಡಿಮೆಯಾಗುತ್ತದೆ, ಆಗ ಇನ್ನೊಮ್ಮೆ ಅಳೆಯಬೇಕು.

ಆದರೆ ಟೈಮರ್ ಬಾವಿಯೊಳಗೆ ಇಣುಕಿ ನೋಡುವುದಿಲ್ಲ. ನೀರು ಮೋಟರಿನ ಕಡೆ ಸೋರದಂತೆ ತಡೆಯುವ ಪಂಪಿನ ಮೆಕ್ಯಾನಿಕಲ್ ಸೀಲ್ ತಣ್ಣಗಿರುವುದು ಅದರ ಮೂಲಕ ಹಾದುಹೋಗುವ ನೀರಿನಿಂದ. ನೀರಿಲ್ಲದೆ ಓಡಿದರೆ ಸೀಲ್ ಕಾದು ಹಾಳಾಗುತ್ತದೆ, ಅಲ್ಲಿಂದ ಸೋರಿದ ನೀರು ಮೋಟರಿನ ಬೇರಿಂಗಿಗೆ ಇಳಿಯುತ್ತದೆ. ಸುಟ್ಟದ್ದು ಹೀಗೇ ಇರಬೇಕು. ಇದಕ್ಕೆ ಟ್ಯಾಂಕ್, ಬಾವಿ ಎರಡರಲ್ಲೂ ಸೆನ್ಸರ್ ಇಳಿಬಿಡುವ ವಾಟರ್ ಲೆವೆಲ್ ಕಂಟ್ರೋಲರ್ ಬೇಕು. ಟ್ಯಾಂಕ್ ತುಂಬಿದರೂ ಬಂದ್, ಬಾವಿ ಇಳಿದರೂ ಬಂದ್. ಬಾವಿಯ ಸೆನ್ಸರ್ ಪೈಪಿನ ಬುಡದ ಫುಟ್‌ವಾಲ್ವಿಗಿಂತ ಒಂದು ಅಡಿ ಮೇಲಿರಲಿ. ಚಿರೇಕಲ್ಲಿನ ನೆಲದ ನೀರಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಸೆನ್ಸರಿಗೆ ಕೆಂಪು ಲೋಳೆ ಕಟ್ಟುತ್ತದೆ. ಲೋಳೆ ಕಟ್ಟಿದ ಸೆನ್ಸರ್ ನೀರಿದ್ದರೂ ಇಲ್ಲ, ಇಲ್ಲದಿದ್ದರೂ ಇದೆ ಎನ್ನಬಹುದು. ಎರಡು ತಿಂಗಳಿಗೊಮ್ಮೆ, ಮೇನ್ ಬಂದ್ ಮಾಡಿ, ಒರಟು ಬಟ್ಟೆಯಿಂದ ತಿಕ್ಕಿ.

ಅಗ್ಗದಲ್ಲಿ ಮುಗಿಯಲಿ ಎನ್ನುವವರು ತೇಲುವ ಫ್ಲೋಟ್ ಸ್ವಿಚ್ ಹಾಕಿಸುತ್ತಾರೆ. ಒಳ್ಳೆಯದೇ, ಆದರೆ ಪಂಪಿನ ಕರೆಂಟನ್ನು ನೇರ ಅದರ ಮೂಲಕ ಹಾಯಿಸಬೇಡಿ. ಚಾಲೂ ಆಗುವಾಗ ಮೋಟರ್ ಹಲವು ಪಟ್ಟು ಕರೆಂಟ್ ಎಳೆಯುವುದರಿಂದ ಫ್ಲೋಟಿನ ಕಾಂಟ್ಯಾಕ್ಟ್ ಅಂಟಿಕೊಳ್ಳುತ್ತದೆ, ಆಮೇಲೆ ಪಂಪು ನಿಲ್ಲುವುದೇ ಇಲ್ಲ. ನಡುವೆ ಕಾಂಟ್ಯಾಕ್ಟರ್ (ಮೋಟರಿನ ಭಾರಿ ಕರೆಂಟ್ ತಡೆದುಕೊಳ್ಳುವ ಸ್ವಿಚ್) ಹಾಕಲು ಎಲೆಕ್ಟ್ರಿಷಿಯನ್ನರಿಗೆ ಹೇಳಿ. ತುಂಬಿದಾಗ ಕೂಗುವ ಗಂಟೆಯೂ ಸಿಗುತ್ತದೆ, ಆದರೆ ನೀವು ಕೊಟ್ಟಿಗೆಯಲ್ಲಿದ್ದರೆ ಅದು ಕೂಗಿದ್ದು ನೆರೆಮನೆಯವರಿಗೆ ಮಾತ್ರ ಕೇಳುತ್ತದೆ.

ಬೆಳಿಗ್ಗೆ ಥೈರಾಯ್ಡ್, ರಾತ್ರಿ ಬಿ.ಪಿ. ಗುಳಿಗೆ. ತಗೊಂಡೆನೋ ಇಲ್ಲವೋ ನೆನಪಿರುವುದಿಲ್ಲ.
– ಗೃಹಿಣಿ, ಭಟ್ಕಳ

ದಿನಾ ಒಂದೇ ರೀತಿ ಮಾಡುವ ಕೆಲಸದಲ್ಲಿ ನಿನ್ನೆಯದೂ ಇವತ್ತಿನದೂ ಕಲಸಿಹೋಗುತ್ತದೆ. ನೆನಪಿಗೆ ಸಾಕ್ಷಿ ಬೇಕು. ಏಳು ಖಾನೆಯ ಗುಳಿಗೆ ಡಬ್ಬಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಭಾನುವಾರ ತುಂಬಿಡಿ. ಖಾನೆ ಖಾಲಿಯಾಗಿದ್ದರೆ ತಗೊಂಡಿದ್ದೀರಿ. ಡಬ್ಬಿ ಬೇಡವಾದರೆ ಸ್ಟ್ರಿಪ್ಪಿನ ಹಿಂದೆ ಪ್ರತಿ ಗುಳಿಗೆಯ ಮೇಲೆ ಮಾರ್ಕರ್ ಪೆನ್ನಿನಿಂದ ತಾರೀಖು ಬರೆಯಿರಿ. ಕರಾವಳಿಯ ಮಳೆಗಾಲದ ತೇವದಲ್ಲಿ ಬಿಡಿ ಗುಳಿಗೆ ಮೆತ್ತಗಾಗುವುದುಂಟು, ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಎರಡನೆಯ ದಾರಿಯೇ ಮೇಲು.

ಹೊತ್ತನ್ನು ಗಡಿಯಾರಕ್ಕೆ ಕಟ್ಟುವ ಬದಲು ಕೆಲಸಕ್ಕೆ ಕಟ್ಟಿ. "ರಾತ್ರಿ ಮರೆಯಬಾರದು" ಎಂದುಕೊಂಡರೆ ಮರೆಯುತ್ತದೆ. "ಊಟದ ಬಟ್ಟಲು ತೊಳೆದಿಟ್ಟ ಕೂಡಲೇ ಗುಳಿಗೆ" ಎಂದುಕೊಂಡರೆ ಬಟ್ಟಲೇ ನೆನಪಿಸುತ್ತದೆ. ಇಂಥದ್ದಾದಾಗ ಇಂಥದ್ದು ಎಂದು ಮೊದಲೇ ಗೊತ್ತುಮಾಡಿಕೊಂಡವರು ಹೆಚ್ಚು ಸಲ ಮಾಡಿ ಮುಗಿಸುತ್ತಾರೆ ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ 1999ರಲ್ಲೇ ವಿವರಿಸಿದ್ದಾರೆ. ಸೆರಗಿಗೆ ಗಂಟು ಹಾಕಿಕೊಳ್ಳುವ ನಮ್ಮ ಅಜ್ಜಿಯರ ಉಪಾಯದಲ್ಲಿ ಒಂದೇ ಕೊರತೆ: ಗಂಟು ಸಿಗುತ್ತದೆ, ಯಾಕೆ ಹಾಕಿದ್ದು ಎಂಬುದು ಸಿಗುವುದಿಲ್ಲ.

ಥೈರಾಯ್ಡ್ ಗುಳಿಗೆ ಖಾಲಿ ಹೊಟ್ಟೆಗೆ, ಚಹಾಕ್ಕೆ ಅರ್ಧದಿಂದ ಒಂದು ತಾಸು ಮೊದಲು. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗೂ ಅದಕ್ಕೂ ನಾಲ್ಕು ತಾಸು ಅಂತರವಿರಲಿ. ಬಿಟ್ಟುಹೋಯಿತೆಂದು ಮರುದಿನ ಎರಡು ನುಂಗಬೇಡಿ. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದು ಚುಚ್ಚಿಕೊಂಡೆನೋ ಎಂಬ ಸಂಶಯ ಬಂದರೆ ಅಂದಾಜಿನ ಮೇಲೆ ಇನ್ನೊಮ್ಮೆ ಚುಚ್ಚಿಕೊಳ್ಳುವುದು ಅಪಾಯ. ಸಕ್ಕರೆ ಪರೀಕ್ಷಿಸಿ, ವೈದ್ಯರಿಗೆ ಫೋನು ಮಾಡಿ.

ಬಿಣಗಾ ದಾಟುವಷ್ಟರಲ್ಲಿ ಗ್ಯಾಸ್ ಬಂದ್ ಮಾಡಿದೆನೋ, ಬೀಗ ಹಾಕಿದೆನೋ ಎಂಬ ಸಂಶಯ. ವಾರಕ್ಕೆ ಎರಡು ಸಲ ಗಾಡಿ ತಿರುಗಿಸಿ ಮನೆಗೆ ಹೋಗುತ್ತೇನೆ. ಎಲ್ಲ ಸರಿಯಾಗಿಯೇ ಇರುತ್ತದೆ.
– ನೌಕರರು, ಕಾರವಾರ

ಹೆಚ್ಚು ಸಲ ನೋಡಿದಷ್ಟೂ ಸಂಶಯ ಬೆಳೆಯುತ್ತದೆ. ನೆದರ್ಲೆಂಡ್ಸಿನ ಮಾರ್ಸೆಲ್ ವಾನ್ ಡೆನ್ ಹೌಟ್, ಮೆರೆಲ್ ಕಿಂಟ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಂದ ಕಂಪ್ಯೂಟರಿನ ಪರದೆಯ ಮೇಲಿನ ಗ್ಯಾಸ್ ಒಲೆಯನ್ನು ಪದೇ ಪದೇ ಪರೀಕ್ಷೆ ಮಾಡಿಸಿದರು. ನೆನಪು ಅಷ್ಟೇನೂ ತಪ್ಪಲಿಲ್ಲ, ಆದರೆ ಅದು ಮಸುಕಾಯಿತು, ಅದರ ಮೇಲಿನ ನಂಬಿಕೆ ಕುಸಿಯಿತು.

ಒಂದೇ ಸಲ, ಆದರೆ ನೋಡಿ ಮಾಡಿ. ರೆಗ್ಯುಲೇಟರಿನ ಗುಬುಟು ತಿರುಗಿಸುವಾಗ ಗಟ್ಟಿಯಾಗಿ ಹೇಳಿ: "ಇವತ್ತು ಬುಧವಾರ, ಗ್ಯಾಸ್ ಬಂದ್." ಬೀಗವನ್ನು ಎಳೆದು ಅದೇ ಮಾತು. ವಾರದ ಹೆಸರು ಸೇರಿಸುವುದರಿಂದ ನಿನ್ನೆಯ ನೆನಪು ಬೇರೆ, ಇವತ್ತಿನದು ಬೇರೆ ಆಗುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆಯುವುದು ಕೆಲವು ದಿನಕ್ಕೆ ಅಡ್ಡಿಯಿಲ್ಲ, ಆದರೆ ಆ ಫೋಟೋವನ್ನೇ ಹತ್ತು ಸಲ ನೋಡತೊಡಗಿದರೆ ಬಿಡಿ. ಹೀಗೆ ನೋಡುವುದರಲ್ಲೇ ದಿನಕ್ಕೆ ಒಂದು ತಾಸಿನಷ್ಟು ಹೋಗುತ್ತಿದ್ದರೆ ಅದು ಮರೆವಲ್ಲ, ಚಿಕಿತ್ಸೆ ಇರುವ ಗೀಳು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಕರೆ ಉಚಿತ.

ನಿಜವಾಗಿಯೂ ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಬಾಗಿಲು ಕಿಟಕಿ ತೆರೆಯಿರಿ, ರೆಗ್ಯುಲೇಟರ್ ಬಂದ್ ಮಾಡಿ ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಕೂರುತ್ತದೆ.

ಒಂದೆಲಗದ ತಂಬುಳಿ ಉಂಡರೆ ನೆನಪು ಹೆಚ್ಚುವುದು ಹೌದೇ?
– ಸಿದ್ದಾಪುರ

ತಂಬುಳಿ ಉಣ್ಣಿ, ರುಚಿಗೆ. "ಬ್ರಾಹ್ಮಿ" ಎಂಬ ಹೆಸರಿನಲ್ಲಿ ಎರಡು ಗಿಡ ಕಲಸಿಹೋಗಿವೆ. ಗದ್ದೆಯಂಚಿನಲ್ಲಿ ದುಂಡಗಿನ ಎಲೆ ಬಿಡುವ ಒಂದೆಲಗ ಬೇರೆ, ಸಣ್ಣ ದಪ್ಪ ಎಲೆಯ ನೀರುಬ್ರಾಹ್ಮಿ ಬೇರೆ. ನೆನಪಿನ ಮೇಲೆ ಹೆಚ್ಚು ಪರೀಕ್ಷೆ ನಡೆದದ್ದು ನೀರುಬ್ರಾಹ್ಮಿಯ ಮೇಲೆ, ಅದೂ ದಿನಕ್ಕೆ ಸುಮಾರು 300 ಮಿಲಿಗ್ರಾಂ ಸಾರವನ್ನು 12 ವಾರ ಕೊಟ್ಟು. ಕಂಡ ಫಲ ಸಾಧಾರಣ. ಕೆಲವರಿಗೆ ಹೊಟ್ಟೆ ಕೆಟ್ಟಿತು. ವಾರಕ್ಕೊಂದು ತಂಬುಳಿ ಆ ಲೆಕ್ಕಕ್ಕೆ ಬರುವುದಿಲ್ಲ.

ಅಪ್ಪನಿಗೆ 71. ಹೇಳಿದ್ದನ್ನೇ ಹೇಳುತ್ತಾರೆ. ಯಾವಾಗ ವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು?
– ಯಲ್ಲಾಪುರ

ಕೀಲಿ ಎಲ್ಲಿಟ್ಟೆ ಎನ್ನುವುದು ಸಾಮಾನ್ಯ; ಕೀಲಿ ಕೈಯಲ್ಲಿ ಹಿಡಿದು ಇದು ಯಾತಕ್ಕೆ ಎನ್ನುವುದು ಅಲ್ಲ. ಹತ್ತು ನಿಮಿಷದಲ್ಲಿ ಅದೇ ಪ್ರಶ್ನೆ, ನಡೆದಾಡಿದ ತೋಟದಲ್ಲೇ ದಾರಿ ತಪ್ಪುವುದು, ದುಡ್ಡಿನ ಲೆಕ್ಕ ಬಾರದಿರುವುದು, ಇವು ಆರು ತಿಂಗಳಿಂದ ಹೆಚ್ಚುತ್ತಿದ್ದರೆ ತಡಮಾಡಬೇಡಿ. ಹೋಗುವಾಗ ಅವರು ನುಂಗುವ ಎಲ್ಲ ಗುಳಿಗೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ನೆಗಡಿಯ ಗುಳಿಗೆಯಲ್ಲಿರುವ ಕ್ಲೋರ್‌ಫೆನಿರಮೈನ್, ನಿದ್ದೆಗೆಂದು ಕೊಡುವ ಆಲ್ಪ್ರಜೋಲಾಂ ಎರಡೂ ವಯಸ್ಸಾದವರ ತಲೆಗೆ ಮಂಕು ಹಿಡಿಸುತ್ತವೆ. ನಿದ್ದೆಯ ಗುಳಿಗೆಯನ್ನು ಮಾತ್ರ ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ. ರಕ್ತದಲ್ಲಿ ಬಿ12, ಟಿ.ಎಸ್.ಎಚ್. (ಥೈರಾಯ್ಡ್ ಪರೀಕ್ಷೆ), ಸೋಡಿಯಂ ನೋಡಿಸಿ. ಮೀನು, ಮೊಟ್ಟೆ ಮುಟ್ಟದವರಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಇಳಿಯುವುದು ಸಾಮಾನ್ಯ, ತುಂಬಿಕೊಳ್ಳಲೂ ಬರುತ್ತದೆ. ಕಿವಿಯನ್ನೂ ಪರೀಕ್ಷಿಸಿ, ಕೇಳಿಸದ ಮಾತನ್ನು ಮರೆತರೆಂದು ದೂರುವ ಮನೆಗಳು ಬಹಳ.

ನಿನ್ನೆ ಸರಿಯಿದ್ದವರು ಇವತ್ತು ದಿಢೀರನೆ ಗೊಂದಲಕ್ಕೆ ಬಿದ್ದರೆ, ಮಾತು ತೊದಲಿದರೆ, ಮುಖ ಸೊಟ್ಟಗಾದರೆ ಅದೇ ಗಳಿಗೆ ಆಸ್ಪತ್ರೆಗೆ.

ಅಡುಗೆಮನೆಗೆ ಹೋಗುತ್ತೇನೆ, ಯಾಕೆ ಬಂದೆ ಎಂದೇ ಮರೆಯುತ್ತದೆ.
– (ಹೆಸರು, ಊರು ಬರೆದಿಲ್ಲ)

ಬಾಗಿಲು ದಾಟಿದರೆ ಮರೆವು ಹೆಚ್ಚುತ್ತದೆ ಎಂದು ಅಮೆರಿಕದ ಗೇಬ್ರಿಯಲ್ ರಾಡ್ವಾನ್ಸ್ಕಿ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ, ತಲೆಯಲ್ಲಿ ಇನ್ನೊಂದು ಹೊರೆ ಇದ್ದಾಗಲೇ ಅದು ಎದ್ದು ಕಂಡಿತು. ಎದ್ದ ಜಾಗಕ್ಕೆ ಮರಳಿ ಹೋಗಿ ಕೂತರೆ ನೆನಪಾದರೂ ಆಗಬಹುದು, ಖಾತ್ರಿಯಿಲ್ಲ. ಇಲ್ಲವೇ ಏಳುವಾಗಲೇ ಆ ಕೆಲಸದ ಗುರುತು ಕೈಯಲ್ಲಿ ಹಿಡಿದು ಹೋಗಿ: ನೀರು ತರಲು ಖಾಲಿ ಲೋಟ, ಕತ್ತರಿ ತರಲು ಕತ್ತರಿಸಬೇಕಾದ ದಾರ. ಮುಂದಿನ ಕಾಗದಕ್ಕೆ ಲಕೋಟೆಯ ಮೇಲೆ ಮೊದಲು ವಿಳಾಸ ಬರೆದು ಆಮೇಲೆ ಪ್ರಶ್ನೆ ಬರೆಯಿರಿ.