ತಪ್ಪು ಯಾರದ್ದು ಅಂತ ಥೆರಪಿಸ್ಟ್ ಯಾಕೆ ಹೇಳಲಿಲ್ಲ?

ಪ್ರಶ್ನೆ: 14 ವರ್ಷದ ಮಗ ಎರಡು ತಿಂಗಳಿಂದ ಶಾಲೆಗೆ ಹೋಗುತ್ತಿಲ್ಲ. ಬೆಳಗಾದರೆ ಹೊಟ್ಟೆನೋವು. ಡಾಕ್ಟರು ಪರೀಕ್ಷೆ ಮಾಡಿ, ದೇಹಕ್ಕೇನೂ ತೊಂದರೆಯಿಲ್ಲ ಎಂದು ಫ್ಯಾಮಿಲಿ ಥೆರಪಿಗೆ ಕಳಿಸಿದರು. ಅಲ್ಲಿ ನಮ್ಮಿಬ್ಬರನ್ನೂ ಅತ್ತೆಯನ್ನೂ ಕೂರಿಸಿಕೊಂಡು ಒಂದು ಗಂಟೆ ಬರೀ ಪ್ರಶ್ನೆ ಕೇಳಿದರು. ಮಗನಿಗೆ ಬುದ್ಧಿ ಹೇಳಲಿಲ್ಲ. ಅತ್ತೆಯ ಮುದ್ದು ಜಾಸ್ತಿಯಾಯಿತು ಎಂದೆ. ಅದಕ್ಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಇದಕ್ಕೆ ಫೀಸು ಕೊಡಬೇಕಾ?

ಉತ್ತರ: ಫೀಸಿಗಿಂತ ಆ 'ಹೂಂ' ಸಿಗದ್ದೇ ನಿಮ್ಮನ್ನು ಜಾಸ್ತಿ ಚುಚ್ಚಿದೆ ಅಲ್ವಾ? ಆದರೆ ಅವರು ಹೂಂ ಅಂದಿದ್ದರೆ ನಿಮ್ಮತ್ತೆ ಮತ್ತೆ ಆ ಬಾಗಿಲು ತುಳಿಯುತ್ತಿದ್ದರಾ?

ಈ ಥೆರಪಿಸ್ಟ್ ಪಂಚಾಯ್ತಿ ಮಾಡಲು ಕೂತವರಲ್ಲ. ಅವರು ಹುಡುಕುವುದು, ಒಬ್ಬರ ನಡೆ ಇನ್ನೊಬ್ಬರನ್ನು ಕೆಣಕುತ್ತಾ ತಿರುಗುವ ಸುತ್ತನ್ನು. ಹುಡುಗ ಹೊಟ್ಟೆ ಹಿಡಿದುಕೊಂಡರೆ ಅಜ್ಜಿ 'ಇವತ್ತು ಬಿಡು' ಅನ್ನಬಹುದು. ನೀವು ರೇಗುತ್ತೀರಿ. ಗಂಡ ಸುಮ್ನೆ ಬೈಕ್ ಹತ್ತಿ ಹೊರಡುತ್ತಾರೆ. ಮಗನ ನೋವು ಇನ್ನೂ ಏರುತ್ತದೆ. ಇದರಲ್ಲಿ ಶುರು ಎಲ್ಲಿ? ಒಬ್ಬೊಬ್ಬರು ಒಂದೊಂದು ಕಡೆ ಬೆರಳು ತೋರಿಸುತ್ತಾರೆ. ಅದಕ್ಕೇ 'ಅಮ್ಮ ರೇಗಿದಾಗ ಅಪ್ಪ ಏನು ಮಾಡ್ತಾರೆ?' ಎಂದು ಮಗನನ್ನು ಕೇಳುವುದು. ಒಬ್ಬರ ಬಗ್ಗೆ ಇನ್ನೊಬ್ಬರು ಹೇಳುವಾಗ, ಮನೆಯವರೇ ಆ ಸುತ್ತನ್ನು ಮೊದಲ ಸಲ ನೋಡುತ್ತಾರೆ. ಬರೀ ಪ್ರಶ್ನೆ ಅಂದಿರಲ್ಲ, ಚಿಕಿತ್ಸೆಯ ದೊಡ್ಡ ಪಾಲು ಆ ಪ್ರಶ್ನೆಗಳೇ.

ಇಟಲಿಯ ಮಿಲಾನ್‌ನಲ್ಲಿ ಫ್ಯಾಮಿಲಿ ಥೆರಪಿಸ್ಟ್ ಮಾರಾ ಸೆಲ್ವಿನಿ ಪಲಾಟ್ಸೋಲಿ ಮತ್ತು ಮೂವರು ಸಂಗಡಿಗರು 1980ರಲ್ಲಿ, ಹೀಗೆ ಯಾರ ಪಕ್ಷವನ್ನೂ ವಹಿಸದ ತಟಸ್ಥತೆಗೊಂದು ಅಳತೆಗೋಲು ಕೊಟ್ಟರು. ಸೆಷನ್ ಮುಗಿದ ಮೇಲೆ 'ಥೆರಪಿಸ್ಟ್ ಯಾರ ಪರ?' ಎಂದು ಕೇಳಿದರೆ ಮನೆಯವರಿಗೆ ಉತ್ತರ ತೋಚಬಾರದು. ಆ ಲೆಕ್ಕದಲ್ಲಿ ನಿಮ್ಮವರು ಪಾಸು! ಈ ತಟಸ್ಥತೆ ಅಂದರೆ ತಣ್ಣಗಿನ ನಿರ್ಲಕ್ಷ್ಯ ಎಂದು ಜನ ತಪ್ಪು ತಿಳಿದರು. ಆಗ ಅದೇ ತಂಡದ ಚೆಕ್ಕಿನ್ 1987ರಲ್ಲಿ ಅದನ್ನು 'ಕುತೂಹಲ' ಎಂದು ಬಿಡಿಸಿ ಹೇಳಿದರು. ನನಗೂ ಈ ಪದವೇ ಇಷ್ಟ.

ಒಂದು ಕಡೆ ಮಾತ್ರ ಈ ನಿಲುವು ಸಲ್ಲದು. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಥೆರಪಿಸ್ಟ್ ಮೊದಲು ಪೆಟ್ಟು ತಿನ್ನುವವರ ರಕ್ಷಣೆ ನೋಡಬೇಕು. ಅಂಥದ್ದೇನಾದರೂ ಇದ್ದರೆ ಒಬ್ಬರೇ ಹೋಗಿ ಹೇಳಿ.

ಒಂದೇ ಸಲಕ್ಕೆ ಬಿಡಬೇಡಿ. ಆದರೆ ಎರಡು ತಿಂಗಳ ಗೈರು ಸಣ್ಣದಲ್ಲ. ಮರಳಿ ಶಾಲೆಗೆ ಕಳಿಸುವ ಯೋಜನೆ ಏನು, ಶಾಲೆಯವರ ಜೊತೆ ಯಾರು ಮಾತಾಡುತ್ತಾರೆ ಎಂದು ಮುಂದಿನ ಸಲ ನೇರವಾಗಿ ಕೇಳಿ. ಅಲ್ಲೂ ಬರೀ ಪ್ರಶ್ನೆಯೇ ಬಂದರೆ, ಆಗ ಸಿಟ್ಟಾಗಿ.