ಎಲೆಯ ಮೇಲೆ ಅಡ್ಡ ಕೈ

ಮುಂಬೈ ಹತ್ತಿರದ ಡೊಂಬಿವಲಿಯ ಓದುಗರೊಬ್ಬರ ಪತ್ರ ಇದು. ಹೆಸರು ಬೇಡ ಎಂದಿದ್ದಾರೆ. ಆರು ಪುಟ ಇತ್ತು, ಮುಖ್ಯವಾದದ್ದನ್ನು ಮಾತ್ರ ಇಲ್ಲಿ ಕೊಟ್ಟಿದ್ದೇನೆ.

"ನನಗೆ 44 ವರ್ಷ. ಊರು ಕಾರ್ಕಳದ ಕಡೆ, ಕೆಲಸ ಫೋರ್ಟ್‌ನಲ್ಲಿ. 112 ಕೆಜಿ ಇದ್ದೆ, ಶುಗರ್ ಇತ್ತು. ನಾಲ್ಕು ತಿಂಗಳ ಹಿಂದೆ ಹೊಟ್ಟೆ ಚಿಕ್ಕದು ಮಾಡುವ ಸ್ಲೀವ್ ಆಪರೇಷನ್ ಮಾಡಿಸಿಕೊಂಡೆ. ಈಗ 88 ಕೆಜಿ. ಗಂಡನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಪಿತ್ತಕೋಶದಲ್ಲಿ ಕಲ್ಲಿತ್ತು, ತೆಗೆಸಿದೆವು ಎಂದು ಅತ್ತೆಗೂ ನೆಂಟರಿಗೂ ಹೇಳಿದ್ದೇವೆ. ಕಳೆದ ತಿಂಗಳು ಮುಲುಂಡ್‌ನಲ್ಲಿ ನಾದಿನಿ ಮಗಳ ಸೀಮಂತ. ಎಲ್ಲರೂ ನೋಡ್ತಾರೆ ಅಂತ ಅನ್ನ ಸಾರು ತಿಂದೆ, ಹೋಳಿಗೆಯನ್ನೂ ತಿಂದೆ. ಐದು ನಿಮಿಷದಲ್ಲಿ ಎದೆ ಹಿಡಿದ ಹಾಗಾಯಿತು, ಬಾಯಿ ತುಂಬ ಲೋಳೆ ನೊರೆ. ಬಾತ್‌ರೂಮಿಗೆ ಓಡಿ ವಾಂತಿ ಮಾಡಿದೆ. ಈಗ ವಾರಕ್ಕೆ ಎರಡು ಸಲವಾದರೂ ಹೀಗಾಗುತ್ತೆ. ಕೂದಲು ಉದುರುತ್ತಿದೆ. ಮೂರು ವಾರದಿಂದ ತೂಕ ಇಳಿದಿಲ್ಲ. ಹಸಿವು ಅನ್ನೋದೇ ಇಲ್ಲ, ಆದರೂ ಮೊಸರನ್ನ ನೆನೆದರೆ ಅಳು ಬರುತ್ತೆ. ಮುಂದಿನ ತಿಂಗಳು ಚೌತಿ, ಮನೆ ತುಂಬ ಜನ. ಏನು ಮಾಡಲಿ?"

ಸೋದರಿ, ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಇದು ಹೊಟ್ಟೆಯ ತೊಂದರೆ ಅನ್ನಿಸಿತು. ಎರಡನೇ ಸಲ ಸೀಮಂತದ ಊಟದ ಹತ್ತಿರ ಬಂದಾಗ ಅಲ್ಲೇ ನಿಂತೆ. ಆ ಅನ್ನ ನಿಮಗೆ ಆಗುವುದಿಲ್ಲ ಎಂದು ನಿಮಗೆ ಗೊತ್ತಿತ್ತು. ಆದರೂ ತಿಂದಿರಿ, ಗುಟ್ಟು ಉಳಿಸಿಕೊಳ್ಳಲು. ವಾರಕ್ಕೆರಡು ಸಲ ವಾಂತಿಯಾಗುವುದರ ಹಿಂದೆ ಆ ಗುಟ್ಟಿನದೂ ಅರ್ಧ ಪಾಲಿದೆ ಅಂತ ನನ್ನ ಗುಮಾನಿ.

ನಾನು ಡಾಕ್ಟರ್ ಅಲ್ಲ. ಆದರೆ ನನ್ನ ತಮ್ಮನಿಗೆ ಆರು ವರ್ಷದ ಹಿಂದೆ ಇದೇ ಜಾತಿಯ ಆಪರೇಷನ್ ಆಗಿದೆ. ಅವನದು ಬೈಪಾಸ್ (ಹೃದಯದ್ದಲ್ಲ, ಜಠರವನ್ನು ಚಿಕ್ಕದು ಮಾಡಿ ನೇರ ಕರುಳಿಗೆ ಜೋಡಿಸುವುದು), ನಿಮ್ಮದು ಸ್ಲೀವ್. ಆ ಮನೆಯಲ್ಲಿ ನಡೆದದ್ದನ್ನೆಲ್ಲ ಹತ್ತಿರದಿಂದ ನೋಡಿದ್ದೇನೆ. ಜೊತೆಗೆ ಇದನ್ನು ಬರೆಯುವ ಮೊದಲು ಇಂಥ ರೋಗಿಗಳನ್ನೇ ನೋಡುವ ಒಬ್ಬ ಡಯೆಟಿಷಿಯನ್ ಹತ್ತಿರ ಕೂತು ಕೇಳಿಕೊಂಡು ಬಂದೆ.

ಮೊದಲು ಅನ್ನದ ವಿಷಯ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಒಂದು ಕೊಳವೆ. ಶುರುವಿನಲ್ಲಿ ಅದು ಹಿಡಿಯುವುದು 100ರಿಂದ 150 ಎಂಎಲ್. ಕಟಿಂಗ್ ಚಹಾದ ಗ್ಲಾಸು ಇದೆಯಲ್ಲ, ಅದಕ್ಕಿಂತ ತುಸು ಜಾಸ್ತಿ, ಅಷ್ಟೇ. ಈಗ ನಾವು ಅನ್ನ ತಿನ್ನುವ ರೀತಿ ನೋಡಿ. ಚಪಾತಿ ತಿನ್ನುವವರು ಅಗಿಯುತ್ತಾರೆ. ನಾವು ಸಾರು ಕಲಸಿದ ಅನ್ನವನ್ನು ಅಗಿಯುವುದೇ ಇಲ್ಲ, ನುಂಗುತ್ತೇವೆ. ಮೆತ್ತಗಿದೆ ಅಲ್ವಾ, ಅಗಿಯಲು ಏನಿದೆ ಅನ್ನಿಸುತ್ತದೆ. ಆ ಅನ್ನ ಆ ಸಣ್ಣ ಕೊಳವೆಯಲ್ಲಿ ಮುದ್ದೆಯಾಗಿ ಕೂತುಬಿಡುತ್ತದೆ. ಪಾವ್ ಕೂಡ ಹಾಗೆಯೇ, ಅಂಟಂಟಾಗಿ ನಿಲ್ಲುತ್ತದೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಸಿಕ್ಕಿಕೊಂಡದ್ದನ್ನು ಜಾರಿಸಲು ಮೈ ಜೊಲ್ಲನ್ನೂ ಲೋಳೆಯನ್ನೂ ಸುರಿಸುತ್ತದೆ. ನೀವು ಬರೆದ ನೊರೆ ಅದೇ. ತಮ್ಮನಿಗೂ ಮೊದಲ ವರ್ಷ ಆಗುತ್ತಿತ್ತು, ಅವನು ಅದಕ್ಕೆ "ಸೋಪ್ ಬಂತು" ಅನ್ನುತ್ತಿದ್ದ.

ಆದರೆ ನಾಲ್ಕು ತಿಂಗಳಾದ ಮೇಲೂ ವಾರಕ್ಕೆರಡು ಸಲ ವಾಂತಿ ಆಗುತ್ತಿದೆ ಎಂದರೆ ಅದನ್ನು ಅಭ್ಯಾಸ ಎಂದು ಬಿಡಬೇಡಿ. ಈ ವಾರವೇ ನಿಮ್ಮ ಸರ್ಜನ್ ಹತ್ತಿರ ಹೋಗಿ. ಕೆಲವರಿಗೆ ಆ ಕೊಳವೆ ಒಂದು ಕಡೆ ಕಿರಿದಾಗಿರುತ್ತದೆ. ಎಂಡೋಸ್ಕೋಪಿಯಲ್ಲಿ ಅದು ಗೊತ್ತಾಗುತ್ತದೆ, ಬಲೂನ್ ಹಾಕಿ ಅಗಲ ಮಾಡುತ್ತಾರೆ. ಕಿರಿದಾಗಿಲ್ಲ ಎಂದು ಗೊತ್ತಾದರೆ ಉಳಿದದ್ದು ನಿಮ್ಮ ಊಟದ ಕ್ರಮ. ಅದನ್ನು ಸರಿ ಮಾಡಬಹುದು.

ಕ್ರಮ ಎಂದರೆ ಮೊದಲು ಏನು, ಆಮೇಲೆ ಏನು ಎಂಬುದು. ನಿಮ್ಮಂಥವರಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೊಟೀನ್ ಬೇಕು ಎನ್ನುತ್ತಾರೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಒಂದು ಬಟ್ಟಲು ಗಟ್ಟಿ ತೊವ್ವೆಯಲ್ಲಿ 6-7. 50 ಗ್ರಾಂ ಪನೀರಿನಲ್ಲಿ 9ರ ಹತ್ತಿರ. ಮೀನು 100 ಗ್ರಾಂ ತಿಂದರೆ 20ರ ಆಸುಪಾಸು. ಅದೇ 100 ಗ್ರಾಂ ಅನ್ನದಲ್ಲಿ ಎರಡೂವರೆ ಗ್ರಾಂ ಇದ್ದರೆ ಹೆಚ್ಚು. ಗ್ಲಾಸಿನಷ್ಟೇ ಜಾಗ ಇರುವಾಗ ಮೊದಲು ಅನ್ನ ತುಂಬಿದರೆ ಮೀನಿಗೆ ಜಾಗ ಎಲ್ಲಿ? ನಮ್ಮ ಎಲೆಯ ಕ್ರಮವನ್ನೇ ನೀವು ತಿರುಗಿಸಬೇಕು. ಮೊದಲು ಬಂಗುಡೆಯ ತುಂಡೋ ಮೊಟ್ಟೆಯೋ ತೊವ್ವೆಯೋ, ಆಮೇಲೆ ಪಲ್ಯ, ಕೊನೆಗೆ ಜಾಗ ಉಳಿದರೆ ಎರಡು ಚಮಚ ಅನ್ನ. ಮೀನನ್ನು ಒಣಗುವ ಹಾಗೆ ಹುರಿಯಬೇಡಿ. ಒಣ ಮಾಂಸವೂ ಅನ್ನದ ಹಾಗೆ ಸಿಕ್ಕಿಕೊಳ್ಳುತ್ತದೆ. ಗಸಿಯಲ್ಲಿ ಬೆಂದ ಮೀನು ಸಲೀಸು. ಹುಷಾರಿಲ್ಲದವರಿಗೆ ಇಡ್ಲಿ ಎಂಬ ನಂಬಿಕೆ ನಮ್ಮಲ್ಲಿದೆ. ಎರಡು ಇಡ್ಲಿಯಲ್ಲಿ ನಾಲ್ಕೈದು ಗ್ರಾಂ ಪ್ರೊಟೀನ್ ಸಿಕ್ಕರೆ ಪುಣ್ಯ, ಅದಕ್ಕೇ ಹೊಟ್ಟೆ ತುಂಬಿಬಿಡುತ್ತದೆ. ಉಡುಪಿ ಹೋಟೆಲಿನವರ ಮನೆಯಲ್ಲಿ ಹುಟ್ಟಿದ ನಾನು ಇದನ್ನು ಬರೆಯಬೇಕಾಗಿ ಬಂತಲ್ಲ!

ಒಂದು ತುತ್ತು ಎಂದರೆ ನಿಮ್ಮ ಹೆಬ್ಬೆರಳಿನ ಉಗುರಿನಷ್ಟು. 20-30 ಸಲ ಅಗಿಯಿರಿ, ನುಂಗಿ, ಚಮಚ ಕೆಳಗಿಡಿ. ಇಡೀ ಊಟಕ್ಕೆ 20 ನಿಮಿಷ ಬೇಕು, ಅರ್ಧ ಗಂಟೆಗಿಂತ ಹೆಚ್ಚೂ ಬೇಡ. ಹೊಟ್ಟೆ ತುಂಬಿತು ಎಂದು ಮೊದಲಿನಂತೆ ಹೊಟ್ಟೆಯೇ ಹೇಳುವುದಿಲ್ಲ. ಕೆಲವರಿಗೆ ಮೂಗು ಸೋರುತ್ತದೆ, ಕೆಲವರಿಗೆ ಬಿಕ್ಕಳಿಕೆ ಬರುತ್ತದೆ. ತಮ್ಮನಿಗೆ ಒಂದು ದೊಡ್ಡ ನಿಟ್ಟುಸಿರು ಬರುತ್ತಿತ್ತು. ನಿಮ್ಮದು ಯಾವುದು ಎಂದು ಕಂಡುಕೊಳ್ಳಿ, ಅದು ಬಂದ ಮೇಲೆ ಇನ್ನೊಂದು ತುತ್ತೂ ಬೇಡ.

ನೀರು ಊಟದ ಜೊತೆ ಬೇಡ. ಊಟಕ್ಕೆ ಅರ್ಧ ಗಂಟೆ ಮೊದಲು ನಿಲ್ಲಿಸಿ, ಮುಗಿದ ಅರ್ಧ ಗಂಟೆಯ ಮೇಲೆ ಶುರು ಮಾಡಿ. ಆದರೆ ದಿನಕ್ಕೆ ಒಂದೂವರೆ ಲೀಟರ್ ಆದರೂ ಹೋಗಬೇಕು. ಗಟಗಟ ಕುಡಿಯುವಂತಿಲ್ಲವಾದ್ದರಿಂದ ಅದೇ ದೊಡ್ಡ ಕೆಲಸ. ನಿಮಗೊಂದು ಅನುಕೂಲ ಇದೆ, ಡೊಂಬಿವಲಿಯಿಂದ ಸಿಎಸ್‌ಎಂಟಿ ಸ್ಟೇಷನ್ನಿಗೆ ಲೋಕಲ್ ರೈಲಿನಲ್ಲಿ ಒಂದು ಗಂಟೆಗೂ ಮೇಲೆ. ಬಾಟಲಿ ಕೈಯಲ್ಲಿ ಇಟ್ಟುಕೊಳ್ಳಿ. ಥಾಣೆ ಬಂತು, ಎರಡು ಗುಟುಕು. ಘಾಟ್‌ಕೋಪರ್ ಬಂತು, ಎರಡು ಗುಟುಕು. ಕುರ್ಲಾ, ದಾದರ್, ಭಾಯಖಳಾ. ಜಾಗ ಸಿಗದೆ ನಿಂತಿದ್ದರೂ ಗುಟುಕಿಗೆ ಅಡ್ಡಿಯಿಲ್ಲ. ಸೋಡಾ, ಕೋಲಾ ಮಾತ್ರ ಬೇಡವೇ ಬೇಡ.

ಕೂದಲಿನ ಬಗ್ಗೆ ಜಾಸ್ತಿ ಹೆದರಬೇಡಿ. ತೂಕ ರಭಸದಿಂದ ಇಳಿದಾಗ ಮೂರನೇ ತಿಂಗಳಿನಿಂದ ಕೂದಲು ಉದುರುವುದು ಮಾಮೂಲು. ಕೆಲವು ತಿಂಗಳಲ್ಲಿ ನಿಂತು ಮತ್ತೆ ಬರುತ್ತದೆ, ಪ್ರೊಟೀನ್ ಮತ್ತು ಕಬ್ಬಿಣ ಸರಿಯಾಗಿದ್ದರೆ. ಹೊಸ ಎಣ್ಣೆಗೆ ದುಡ್ಡು ಹಾಕಬೇಡಿ. ತೂಕ ಮೂರು ವಾರ ನಿಲ್ಲುವುದೂ ಬಹಳ ಜನರಿಗೆ ಆಗುತ್ತದೆ. ಕಾಟಾವನ್ನು ವಾರಕ್ಕೊಮ್ಮೆ ಮಾತ್ರ ಹತ್ತಿ.

ಮಾತ್ರೆಗಳ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಅದೇ ನನಗೆ ಚಿಂತೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇವು ಬದುಕಿರುವವರೆಗೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆಯ ಹಿಂದೆಮುಂದೆ ಚಹಾ ಬೇಡ. ಅತ್ತೆ ಕೇಳುತ್ತಾರೆ ಎಂದು ಮಾತ್ರೆ ಡಬ್ಬಿಯನ್ನು ಕಪಾಟಿನಲ್ಲಿ ಮುಚ್ಚಿಟ್ಟು ಮರೆತುಬಿಟ್ಟಿದ್ದೀರಾ? ಸುಮ್ನೆ ಕೇಳಿದೆ.

ಹಸಿವಿಲ್ಲ, ಆದರೂ ಮೊಸರನ್ನಕ್ಕೆ ಅಳು ಬರುತ್ತದೆ ಎಂದಿರಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನ್ ಇದೆ, ಜಪಾನಿನ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದದ್ದು. ಅದು ಹೆಚ್ಚಾಗಿ ತಯಾರಾಗುವ ಜಠರದ ಮೇಲ್ಭಾಗವನ್ನೇ ನಿಮಗೆ ತೆಗೆದಿದ್ದಾರೆ. ಹಸಿವು ಹೋಯಿತು, ನೆನಪು ಹೋಗಿಲ್ಲ. ಮೊಸರನ್ನ ಎಂದರೆ ಬರೀ ಅನ್ನವಾ? ಜ್ವರ ಬಿಟ್ಟ ದಿನ ಅಮ್ಮ ಕೊಟ್ಟದ್ದು, ಪರೀಕ್ಷೆಗೆ ಹೋಗುವಾಗ ತಿಂದದ್ದು. ಅಳು ಬಂದರೆ ಅತ್ತುಬಿಡಿ. ಆಮೇಲೆ ಒಂದು ಬಟ್ಟಲು ಗಟ್ಟಿ ಮೊಸರು ತಗೊಳ್ಳಿ, ಅದಕ್ಕೆ ಸಾಸಿವೆ, ಶುಂಠಿ, ಕರಿಬೇವಿನ ಒಗ್ಗರಣೆ ಹಾಕಿ, ಒಂದು ಚಮಚ ಮಿದ್ದ ಅನ್ನ ಸೇರಿಸಿ. ರುಚಿ ಇರುವುದು ಒಗ್ಗರಣೆಯಲ್ಲಿ ಅಲ್ವಾ?

ಈಗ ಗುಟ್ಟಿಗೆ ಬರುತ್ತೇನೆ. ನೀವು ಯಾಕೆ ಮುಚ್ಚಿಟ್ಟಿರಿ ಎಂದು ನನಗೆ ಅರ್ಥವಾಗುತ್ತದೆ. "ಬಾಯಿ ಕಟ್ಟಲು ಆಗಲಿಲ್ಲ, ಹೊಟ್ಟೆ ಕತ್ತರಿಸಿಕೊಂಡಳು" ಎಂದು ಆಡಿಕೊಳ್ಳುವವರಿದ್ದಾರೆ. ಮೇಲಾಗಿ ನಾವು ಮುಂಬೈಗೆ ಹೊಟ್ಟೆ ತುಂಬ ಬಡಿಸಿ ಹೆಸರು ಮಾಡಿದ ಜನ. ಮಾಟುಂಗಾದ ರಾಮ ನಾಯಕರ ಬೋರ್ಡಿಂಗ್ 1942ರಿಂದ ಊಟ ಹಾಕುತ್ತಿದೆ. ಬೇಡ ಎಂದರೂ ಇನ್ನೊಂದು ಸೌಟು ಹಾಕುವುದೇ ನಮ್ಮಲ್ಲಿ ಪ್ರೀತಿ. ಬಡಿಸಿದ್ದನ್ನು ಬಿಟ್ಟರೆ ಅವಮಾನ. ಇಂಥ ಜನರ ನಡುವೆ ಮೂರು ತುತ್ತು ಸಾಕು ಎನ್ನುವುದು ಕಷ್ಟ, ಒಪ್ಪಿದೆ.

ಆದರೆ ಮನೆಯವರಿಗೆ ಹೇಳದಿದ್ದರೆ ಅಪಾಯ ಇದೆ. ಒಂದು ಸಂದರ್ಭ ಹೇಳುತ್ತೇನೆ, ನೋಡಿ. ಹೀಗೇ ವಾಂತಿ ಆಗುತ್ತಾ ಹೋದರೆ ಮೈಯಲ್ಲಿ ಬಿ1 ಎಂಬ ವಿಟಮಿನ್ ಕೆಲವೇ ವಾರಗಳಲ್ಲಿ ಖಾಲಿಯಾಗುತ್ತದೆ. ಕಾಲು ಜೋಮು ಹಿಡಿಯುತ್ತದೆ, ನಡೆದರೆ ಓಲಾಡುತ್ತದೆ, ಕಣ್ಣಿಗೆ ಒಂದು ಎರಡಾಗಿ ಕಾಣುತ್ತದೆ. ಗಂಡ ಆಫೀಸಿನಲ್ಲಿದ್ದಾರೆ, ಅತ್ತೆ ನಿಮ್ಮನ್ನು ರಿಕ್ಷಾದಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ಯುತ್ತಾರೆ. "ಏನಾಗಿತ್ತು?" "ಪಿತ್ತಕೋಶ ತೆಗೆದಿದ್ದಾರೆ." ಅಲ್ಲಿನವರು ಗ್ಲೂಕೋಸ್ ಏರಿಸುತ್ತಾರೆ. ಬಿ1 ಇಂಜೆಕ್ಷನ್ ಕೊಡದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗುವ ಸಾಧ್ಯತೆ ಇದೆ. ಸರಿಯಾದ ವಿಷಯ ಗೊತ್ತಿದ್ದ ಡಾಕ್ಟರ್ ಆ ತಪ್ಪು ಮಾಡುವುದಿಲ್ಲ. ಮಂಡಿನೋವಿಗೆಂದು ಅತ್ತೆ ಕೊಡುವ ಐಬುಪ್ರೊಫೇನ್, ಡೈಕ್ಲೋಫೆನಾಕ್ ಮಾತ್ರೆಗಳೂ ಅಷ್ಟೇ, ನಿಮ್ಮ ಹೊಟ್ಟೆಗೆ ಅವು ಹುಣ್ಣು ತರಬಹುದು. ಗೊತ್ತಿಲ್ಲದವರು ಪ್ರೀತಿಯಿಂದಲೇ ಕೊಡುತ್ತಾರೆ.

ತಮ್ಮನೂ ಹೇಳಿರಲಿಲ್ಲ. ದೀಪಾವಳಿಯ ದಿನ ಯಾರದೋ ಮನೆಯಲ್ಲಿ ಎರಡು ಜಿಲೇಬಿ ತಿಂದ. ಕಾಲು ಗಂಟೆಯಲ್ಲಿ ಮೈಯೆಲ್ಲ ಬೆವರು, ಎದೆ ಡವಡವ, ಹೊಟ್ಟೆ ನುಲಿತ. ಅಲ್ಲಿದ್ದವರೆಲ್ಲ ಹಾರ್ಟ್ ಅಟ್ಯಾಕ್ ಎಂದು ಕೂಗಾಡಿ ಇಸಿಜಿಯವರೆಗೆ ಹೋಯಿತು. ಸಕ್ಕರೆ ಒಮ್ಮೆಲೇ ಕರುಳಿಗೆ ಸುರಿದರೆ ಹೀಗಾಗುತ್ತದೆ, ಡಂಪಿಂಗ್ ಎನ್ನುತ್ತಾರೆ. ಬೈಪಾಸ್ ಆದವರಿಗೆ ಜಾಸ್ತಿ, ಸ್ಲೀವ್ ಆದವರಿಗೆ ಕಡಿಮೆ. ಅಂದು ರಾತ್ರಿ ಎಲ್ಲವನ್ನೂ ಅಮ್ಮನಿಗೆ ಹೇಳಿದ. ಅಮ್ಮ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಕಾಫಿ ಸಾಸರಿನಲ್ಲಿ ಒಂದು ತುಂಡು ಕಾಣೆ ಮೀನು, ಎರಡು ಚಮಚ ಹೆಸರುಕಾಳಿನ ಗಸಿ ಹಾಕಿ ಮುಂದಿಟ್ಟಳು. ಆಮೇಲೆ ನೆಂಟರ ಮನೆಗೆ ಹೋದರೂ ಆ ಸಾಸರು ಅವಳ ಚೀಲದಲ್ಲಿ ಇರುತ್ತಿತ್ತು. ಅವನಿಗೆ ಬಡಿಸಲು ಬಂದವರನ್ನು ಅವಳೇ ಗದರುತ್ತಿದ್ದಳು.

ಇಡೀ ಡೊಂಬಿವಲಿಗೆ ಸಾರಬೇಕಿಲ್ಲ. ಅತ್ತೆಗೆ ಹೇಳಿ, ಚೌತಿಗೆ ಮೊದಲು, ಅಡುಗೆಮನೆಯಲ್ಲಿ ಇಬ್ಬರೇ ಇರುವಾಗ. "ಶುಗರ್ ಇತ್ತು, ಡಾಕ್ಟರ್ ಹೇಳಿದರು, ಹೊಟ್ಟೆ ಚಿಕ್ಕದು ಮಾಡಿಸಿಕೊಂಡೆ, ಹೆದರಿಕೆಯಿಂದ ನಿಮಗೆ ಹೇಳಲಿಲ್ಲ" ಎನ್ನಿ. ಇದು ಶೋಕಿಯ ಆಪರೇಷನ್ ಅಲ್ಲ. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 40 ದಾಟಿದವರಿಗೆ, ಅಥವಾ 35 ದಾಟಿ ಶುಗರ್‌ನಂಥ ಕಾಯಿಲೆ ಇದ್ದವರಿಗೆ ನಮ್ಮ ಆರೋಗ್ಯ ವಿಮೆಯವರೂ ದುಡ್ಡು ಕೊಡುತ್ತಾರೆ. ಅತ್ತೆ ಕೋಪ ಮಾಡಿಕೊಳ್ಳಬಹುದು. ಮಾಡಿಕೊಳ್ಳಲಿ.

ನೆಂಟರಿಗೆ "ಡಾಕ್ಟರ್ ಸ್ವಲ್ಪಸ್ವಲ್ಪ ತಿನ್ನಲು ಹೇಳಿದ್ದಾರೆ" ಎಂದರೆ ಸಾಕು. ಪಂಕ್ತಿಯಲ್ಲಿ ಕೂತರೆ ಅನ್ನ ಬರುವ ಮೊದಲೇ ಎಲೆಯ ಮೇಲೆ ಅಡ್ಡ ಕೈ ಹಿಡಿಯಿರಿ. ನಮ್ಮ ಹಾಲ್‌ಗಳಲ್ಲಿ ಮುಂದಿನ ಪಂಕ್ತಿಯವರು ಬೆನ್ನ ಹಿಂದೆಯೇ ನಿಂತಿರುತ್ತಾರೆ, ಅವಸರ ಹುಟ್ಟುತ್ತದೆ. ಹಾಗಾಗಿ ಕೊನೆಯ ಪಂಕ್ತಿಗೆ ಕೂರಿ. ಚೌತಿಯ ಕಡುಬಿನಲ್ಲಿ ಒಂದು ಚೂರು ಪ್ರಸಾದ, ಅದೂ ತೊವ್ವೆ ತಿಂದ ಮೇಲೆ. ಉಪವಾಸವನ್ನು ಈ ವರ್ಷ ಬಿಟ್ಟುಬಿಡಿ. ಸಾಬುದಾನಾ ಖಿಚಡಿ ಅನ್ನಕ್ಕಿಂತ ಅಂಟು, ಸಾಬುದಾನಾದಲ್ಲಿ ಪ್ರೊಟೀನ್ ಅಂತೂ ಇಲ್ಲ ಎನ್ನುವಷ್ಟು ಕಡಿಮೆ.

ಕುಡಿದ ನೀರೂ ನಿಲ್ಲದಿದ್ದರೆ, ಜ್ವರ ಬಂದರೆ, ಹೊಟ್ಟೆನೋವು ಬಿಡದಿದ್ದರೆ, ಕಾಲು ಜೋಮು ಹಿಡಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಇನ್ನೊಂದು ವಿಷಯ. ತೂಕ ಇಷ್ಟು ಬೇಗ ಇಳಿದವರಲ್ಲಿ ಪಿತ್ತಕೋಶದಲ್ಲಿ ಕಲ್ಲಾಗುವುದು ಸಾಮಾನ್ಯ. ಅದಕ್ಕೆಂದೇ ಎಷ್ಟೋ ಡಾಕ್ಟರುಗಳು ಮೊದಲ ಆರು ತಿಂಗಳು ಮಾತ್ರೆ ಕೊಡುತ್ತಾರೆ, ನಿಮ್ಮ ಚೀಟಿಯಲ್ಲಿ ಇದೆಯಾ ನೋಡಿಕೊಳ್ಳಿ. ನಿಮ್ಮ ಪಿತ್ತಕೋಶ ಇನ್ನೂ ಅಲ್ಲೇ ಇದೆ. ನಾಳೆ ನಿಜಕ್ಕೂ ಅದನ್ನು ತೆಗೆಯಬೇಕಾಗಿ ಬಂದರೆ ಅತ್ತೆಗೆ ಏನು ಹೇಳುತ್ತೀರಿ?

ಸಂಪಾದಕ